ಜೋಳದ ಚೀಲದ ಫೋಟೋ ಮಾಸ್ತರು

ಫೋನಿಗೂ ಮುಖ ತೊಳೆಸಬೇಕೆಂದು ನನಗೆ ಕಲಿಸಿದವರು ನಮ್ಮ ಶಾಲೆಯ ಡ್ರಾಯಿಂಗ್ ಸರ್.

ಗದಗದಿಂದ ಮುಂಡರಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ದಿನದ ಪ್ರಯಾಣಿಕರು. ಅವರ ಮನೆ ಬೆಟಗೇರಿಯಲ್ಲಿ, ನನ್ನದು ಗದಗದಲ್ಲಿ. ನಾನು ಅದೇ ಶಾಲೆಯ ಟೀಚರು, ಅವರ ಬಾಯಲ್ಲಿ ‘ಬಾಯಾರು’. ರಾತ್ರಿ ಮಳೆ ಸುರಿದು ಹೊಳವಾಗಿದ್ದ ಒಂದು ಬೆಳಿಗ್ಗೆ, ಡಂಬಳ ದಾಟುತ್ತಲೇ ಕಪ್ಪತಗುಡ್ಡ ಹಸಿರು ಹೊದ್ದು ಕಿಟಕಿಯ ತುಂಬ ಬಂದು ನಿಂತಿತು. ಯಾರನ್ನೋ ಇಳಿಸಲೆಂದು ಬಸ್ಸೂ ನಿಂತಿತ್ತು. ನಾನು ಫೋನ್ ಎತ್ತಿ ಒಂದು ಫೋಟೋ ತೆಗೆದೆ. ಗುಡ್ಡವೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಮಸುಕಾಗಿ ಬಂತು.

“ಮಂಜು ಬಿದ್ದೈತಿ ಕಾಣಸ್ತೈತ್ರಿ ಸರ್” ಎಂದೆ.

ಮುಂದಿನ ಸೀಟಿನಲ್ಲಿದ್ದ ಅವರು ತಿರುಗಿ ಕೈ ಚಾಚಿದರು. ಫೋನನ್ನು ಇಸಿದುಕೊಂಡು ಅದರ ಬೆನ್ನನ್ನು ಬಿಸಿಲಿಗೆ ಹಿಡಿದು ನೋಡಿದರು.

“ಗುಡ್ಡಕ್ಕ ಏನೂ ಆಗಿಲ್ಲ ಬಾಯಾರ. ನಿಮ್ಮ ಕ್ಯಾಮೆರಾಕ್ಕ ಒಗ್ಗರಣಿ ಎಣ್ಣಿ ಹತ್ತೈತಿ. ಮುಂಜಾನೆ ಅವಲಕ್ಕಿ ಮಾಡಿ, ಡಬ್ಬಿ ಕಟ್ಟಿ, ಅದ ಕೈಲೆ ಇದನ್ನ ಹಿಡದೀರಿ. ಮೊದಲ ಇದರ ಮಾರಿ ತೊಳಸ್ರಿ.”

ಬಾಯಿಯಿಂದ ಹಬೆ ಊದಿ, ಕರವಸ್ತ್ರದ ಮೆತ್ತನೆಯ ಭಾಗವನ್ನು ಹುಡುಕಿ, ಕೂಸಿನ ಮೂಗು ಒರೆಸುವಷ್ಟು ಜೋಪಾನವಾಗಿ ಒರೆಸಿ ಕೊಟ್ಟರು. ಬಸ್ಸು ಹೊರಡುವ ಮುಂಚೆ ಇನ್ನೊಂದು ತೆಗೆದೆ. ಗುಡ್ಡದ ಮೈಮೇಲೆ ನೀರು ಹರಿದ ಗೆರೆಗಳು, ಬುಡದಲ್ಲಿ ಮೇಯುವ ಕುರಿಗಳು, ಎಲ್ಲವೂ ಬಂದಿದ್ದವು. ನಾನು ಅವಲಕ್ಕಿಯನ್ನೇ ಮಾಡಿದ್ದೆನೆಂದು ಅವರಿಗೆ ಹೇಗೆ ತಿಳಿಯಿತೆಂದು ಕೇಳಿದೆ. “ವಾಸನಿ ಬಂತಲ್ಲ” ಎಂದು ನಕ್ಕು ಮುಂದೆ ತಿರುಗಿದರು.

ಅವರ ಬಗ್ಗೆ ಬರೆಯುತ್ತೇನೆಂದಾಗ ಅವರು ಹಾಕಿದ್ದು ಒಂದೇ ಷರತ್ತು. “ಹೆಸರು ಹಾಕಬ್ಯಾಡ್ರಿ. ಹಾಕಿದ್ರ ಊರ ಮಂದಿ ಎಲ್ಲಾ ತಮ್ತಮ್ಮ ಫೋನ್ ಹಿಡ್ಕೊಂಡು ನಮ್ಮನಿ ಬಾಗಲಕ್ಕ ಬರ್ತಾರ. ನಮ್ಮಾಕಿಗೆ ಚಾ ಮಾಡಿ ಮಾಡಿ ಸಾಕಾಗೈತಿ.” ಹಾಗಾಗಿ ಅವರು ಇಲ್ಲಿ ಡ್ರಾಯಿಂಗ್ ಸರ್ ಅಷ್ಟೇ. ಹೋದ ವರ್ಷ ನಿವೃತ್ತರಾದರು. ಬಸ್ಸಿನ ಆ ಮುಂದಿನ ಸೀಟಿನಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ.

ಈ ಫೋಟೋದ ಹುಚ್ಚು ಅವರಿಗೆ ಮೊದಲಿನಿಂದ ಇದ್ದದ್ದಲ್ಲ. ನಾನು ಮುಂಡರಗಿಯ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ವರ್ಗವಾಗಿ ಬಂದಾಗ ಅವರು ಅಕ್ಷರದ ಮನುಷ್ಯ. ಶಾಲೆಯ ಗೇಟಿನ ಮೇಲಿನ ಹೆಸರು, ಗೋಡೆಯ ಸುಭಾಷಿತ, ಪ್ರಮಾಣಪತ್ರದ ಮೇಲಿನ ಮಕ್ಕಳ ಹೆಸರು, ಎಲ್ಲವೂ ಅವರ ಕೈಯವು. ಸುತ್ತಿನ ಊರುಗಳಲ್ಲಿ ಮದುವೆ ಹಂದರದ ‘ಸುಸ್ವಾಗತ’ ಕೂಡ ಅವರೇ ಬರೆಯಬೇಕು. ಸೀಮೆಸುಣ್ಣವನ್ನು ಅಡ್ಡ ಹಿಡಿದು ಒಂದೇ ಎಳೆತಕ್ಕೆ ‘ಶ್ರೀ’ ಬರೆಯುತ್ತಿದ್ದರು. ಕರಿಹಲಗೆಯ ಮೇಲೆ ಅದು ಹಕ್ಕಿ ಬಂದು ಕುಳಿತ ಹಾಗೆ ಕಾಣುತ್ತಿತ್ತು. ನನ್ನ ತರಗತಿಗೆ ಕಣ್ಣಿನ ಚಿತ್ರ ಬೇಕೆಂದರೆ ಬಂದು ಬರೆದು ಕೊಟ್ಟು ಹೋಗುವರು. ಅದನ್ನು ಅಳಿಸಲು ಮಕ್ಕಳು ಬಿಡುತ್ತಿರಲಿಲ್ಲ. ಮುಂದಿನ ಪಾಠವನ್ನು ಹಲಗೆಯ ಉಳಿದ ಅರ್ಧದಲ್ಲೇ ಮುಗಿಸಬೇಕಾಗುತ್ತಿತ್ತು.

ಆ ಕೈ ನಡುಗಲು ಶುರುವಾದದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಅವರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು. ಪಿತ್ತವಾಗುತ್ತದೆ ಎಂದರು, ನಾವೂ ನಂಬಿದೆವು. ಆಮೇಲೆ ಒಂದು ಸ್ವಾತಂತ್ರ್ಯ ದಿನದ ಹಿಂದಿನ ಮಧ್ಯಾಹ್ನ, ವರಾಂಡದ ದೊಡ್ಡ ಹಲಗೆಯ ಮುಂದೆ ಅವರು ನಿಂತಿದ್ದರು. ‘ಸ್ವಾತಂತ್ರ್ಯ’ ಎಂದು ಬರೆಯಬೇಕು. ಕೊನೆಯ ಅಕ್ಷರದ ಒತ್ತು ಎಳೆಯುವಾಗ ಸೀಮೆಸುಣ್ಣ ಕುಣಿದು ಗೆರೆ ಎತ್ತಲೋ ಹೋಯಿತು. ಒರೆಸಿ ಮತ್ತೆ ಬರೆದರು. ಮತ್ತೆ ಒರೆಸಿದರು. ಪಕ್ಕದಲ್ಲಿ ಬಣ್ಣದ ಕಾಗದ ಕತ್ತರಿಸುತ್ತಿದ್ದ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು, “ನೀನ ಬರಿಯವ್ವ, ನಿನ್ನ ಅಕ್ಷರ ಚಲೋ ಅದಾವ” ಎಂದು ನಡೆದುಬಿಟ್ಟರು. ನಾನು ಅಲ್ಲೇ ಇದ್ದೆ. ಅವರು ನನ್ನ ಮುಖ ನೋಡಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಜೀವಕ್ಕೆ ಏನೂ ಅಪಾಯವಿಲ್ಲ, ಇದು ಬರೀ ನಡುಕ, ಗುಳಿಗೆಯಿಂದ ಸ್ವಲ್ಪ ಇಳಿಯಬಹುದು, ಪೂರ್ತಿ ಹೋಗುವುದಿಲ್ಲ ಎಂದರಂತೆ. ಸರ್ ಇದನ್ನು ನನಗೆ ಬಸ್ಸಿನಲ್ಲಿ ಹವಾಮಾನದ ಸುದ್ದಿ ಹೇಳಿದಷ್ಟು ಸಪ್ಪಗೆ ಹೇಳಿದರು. ಮುಂಡರಗಿ ಬರುವ ಹೊತ್ತಿಗೆ ಇನ್ನೊಂದು ಮಾತು ಸೇರಿಸಿದರು: “ಈ ವರ್ಷ ಮುಗದ ಕೂಡ್ಲೆ ಬಿಡಬೇಕಂತ ಮಾಡೇನ್ರಿ ಬಾಯಾರ. ಇನ್ನೂ ಸರ್ವಿಸ್ ಐತಿ, ಖರೆ. ಆದ್ರ ದನಿ ಹೋದ ಗವಾಯಿ ತಂಬೂರಿ ಹಿಡ್ಕೊಂಡು ಕುಂತ್ರ ಮಂದಿ ಎಷ್ಟು ದಿವಸ ಕೇಳ್ತಾರ?”

ಸಮಾಧಾನದ ಮಾತು ಹೇಳಿದ್ದರೆ ಅವರು ಮೆಲ್ಲಗೆ ನಕ್ಕು ಅದನ್ನು ನನಗೇ ವಾಪಸು ಕೊಡುತ್ತಿದ್ದರು, ಅಷ್ಟು ಗೊತ್ತಿತ್ತು.

ಅವರನ್ನು ಆ ಸಪ್ಪೆತನದಿಂದ ಎತ್ತಿ ನಿಲ್ಲಿಸಿದ್ದು ಒಂದು ಸೀರೆ. ಅದಕ್ಕಿಂತ ಹೆಚ್ಚಾಗಿ ಅವರ ಹೆಂಡತಿ.

ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಅವರದು ಬೆಟಗೇರಿಯ ನೇಕಾರರ ತವರುಮನೆ. ಅಣ್ಣಂದಿರು ಕೈಮಗ್ಗದಲ್ಲಿ ನೇಯ್ದ ಸೀರೆಗಳನ್ನು ವೈನಿ ಪರಿಚಯದವರಿಗೆ ಮಾರುತ್ತಿದ್ದರು. ಮೊದಲು ಚೀಲ ಹೊತ್ತು ಮನೆಮನೆಗೆ ಹೋಗುತ್ತಿದ್ದವರು, ಫೋನ್ ಬಂದ ಮೇಲೆ ಕೂತಲ್ಲಿಂದಲೇ ಶಿರಹಟ್ಟಿ, ಲಕ್ಷ್ಮೇಶ್ವರದವರೆಗೂ ಫೋಟೋ ಕಳಿಸತೊಡಗಿದರು. ಒಂದು ದಿನ ಲಕ್ಷ್ಮೇಶ್ವರದಿಂದ ಒಬ್ಬ ಹೆಣ್ಣುಮಗಳು ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಬಂದಳು. “ವೈನಿ, ಸಿಟ್ಟಾಗಬ್ಯಾಡ್ರಿ. ಫೋಟೋದಾಗ ಕುಂಕುಮದಂಗ ಕೆಂಪಿತ್ತು. ಬಂದದ್ದು ದಾಳಿಂಬರಿ. ಅತ್ತಿ ನೋಡಿ, ನಿನಗ ಮೋಸ ಮಾಡ್ಯಾರಂದ್ಲು” ಎಂದಳು. ಅವಳು ಜಗಳಕ್ಕೆ ಬಂದವಳಲ್ಲ. ಅವಳ ಕಣ್ಣಲ್ಲಿ ನೀರಿತ್ತು. ವೈನಿ ಸೀರೆಯನ್ನು ತಿರುಗಿ ಪಡೆದರು, ಊಟ ಹಾಕಿ ಕಳಿಸಿದರು. ಆಮೇಲೆ ಫೋನು ಮತ್ತು ಸೀರೆ ಎರಡನ್ನೂ ಗಂಡನ ಮುಂದೆ ಇಟ್ಟರು.

“ಇಷ್ಟು ವರ್ಷ ನನಗ ಯಾರೂ ಮೋಸದಾಕಿ ಅಂದಿದ್ದಿಲ್ಲ. ನೀವು ಬಣ್ಣದ ಮಾಸ್ತರ ಅದೀರಲ್ಲ? ಇದು ಯಾಕ ಸುಳ್ಳು ಹೇಳತೈತಿ ನೋಡ್ರಿ.”

ಮಾರನೆಯ ದಿನ ಬಸ್ಸು ಹತ್ತಿದವರೇ ಸರ್ ನನ್ನ ಪಕ್ಕಕ್ಕೆ ಬಂದು ಕುಳಿತರು. “ಬಾಯಾರ, ಬೆಳಕಿನ ಪಾಠ ಮಾಡೋರು ನೀವು. ಟ್ಯೂಬ್‌ಲೈಟಿನ್ಯಾಗ ದಾಳಿಂಬರಿ ಬಣ್ಣ ಯಾಕ ಕೆಡತೈತಿ?” ತಿಂಗಳುಗಳಿಂದ ಕೇಳಿರದ ದನಿ ಅದು. ಬಿಸಿಲಿನ ಬೆಳಕು ಬೇರೆ, ಟ್ಯೂಬ್‌ಲೈಟಿನದು ಬೇರೆ, ಬಲ್ಬಿನದು ಬೇರೆ, ನಮ್ಮ ಕಣ್ಣು ತಾನೇ ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾ ಊಹೆ ಮಾಡುತ್ತದೆ ಎಂದು ಹೇಳಿದೆ. “ಊಹೆ ಮಾಡತೈತಿ?” ಎಂದರು. “ಊಹೆ ಮಾಡೋರಿಗೆ ಹೇಳಿಕೊಡಬಹುದಲ್ಲ.”

ಅಂದಿನಿಂದ ಅವರು ಆ ಫೋನಿನ ಕ್ಯಾಮೆರಾದೊಳಗೆ ಹೊಕ್ಕರು, ಹೊರಗೆ ಬರಲೇ ಇಲ್ಲ. ಸೆಟ್ಟಿಂಗಿನ ಒಂದೊಂದು ಗುರುತನ್ನೂ ಒತ್ತಿ ನೋಡಿದರು. ಏನೇನೋ ಒತ್ತಿ ಒಮ್ಮೆ ಎಲ್ಲ ಫೋಟೋಗಳೂ ಕಪ್ಪು-ಬಿಳುಪಾಗಿ ಬರತೊಡಗಿದವು. ಒಂದು ವಾರ ವೈನಿಯ ಗಿರಾಕಿಗಳಿಗೆ ಸೀರೆಗಳು ಹಳೆಯ ಸಿನಿಮಾದಂತೆ ಹೋದವು. ಬಣ್ಣಗಳನ್ನು ತಾನೇ ಗಾಢ ಮಾಡುವ ಒಂದು ಸೌಲಭ್ಯವನ್ನು ಹುಡುಕಿ ಆರಿಸಿದರು. “ಇದು ಹೊಗಳುಭಟ್ಟ” ಎಂದರು. ಪ್ರೊ ಮೋಡಿನಲ್ಲಿ ಬಿಳಿಯನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಸಿಕ್ಕಿತು. ಸೀರೆಯ ಪಕ್ಕ ತಮ್ಮ ಬಿಳಿ ಧೋತರ ಹಾಸಿ, ಆ ಧೋತರ ಫೋನಿನಲ್ಲೂ ಬೆಳ್ಳಗೆ ಕಾಣುವವರೆಗೆ ಗೆರೆಯನ್ನು ಆಚೀಚೆ ಎಳೆದರು. ಬಿಳಿ ಬಿಳಿಯಾದ ಗಳಿಗೆಯಲ್ಲಿ ದಾಳಿಂಬರಿಯೂ ದಾಳಿಂಬರಿಯಾಯಿತು. ಒಳಗಿನ ದೀಪವೆಲ್ಲ ಆರಿಸಿ, ಪಡಸಾಲೆಯ ಬಾಗಿಲ ಬಳಿ ಬಿಸಿಲು ಬೀಳದ ಆದರೆ ಬೆಳಕು ಬೀಳುವ ಜಾಗದಲ್ಲಿ ಸೀರೆ ಹರವಬೇಕೆಂದು ಕಾನೂನು ಮಾಡಿದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಆ ಬಾಗಿಲಲ್ಲಿ ಓಡಾಡುವ ಹಾಗಿಲ್ಲ. ಹಾಲಿನವನು ಹಿತ್ತಲಿಂದ ಬರಬೇಕು.

ಒಂದು ಅಡಚಣೆ ಮಾತ್ರ ಹಾಗೇ ಉಳಿದಿತ್ತು, ಕೈ. ಬಣ್ಣ ಸರಿಯಾದರೂ ಚಿತ್ರ ಅಲುಗಿ ಬರುತ್ತಿತ್ತು, ಸೀರೆಯ ದಡಿ ಎರಡೆರಡಾಗಿ ಕಾಣುತ್ತಿತ್ತು. ಕ್ಲಿಕ್ ಮಾಡಲು ಬೆರಳು ತಾಗಿಸಿದ ಕ್ಷಣಕ್ಕೇ ನಡುಕ ಹೆಚ್ಚುತ್ತದೆಂದು ಅವರು ಕಂಡುಕೊಂಡರು. ಅದಕ್ಕೆ ಟೈಮರ್ ಹಾಕಿದರು. ಬಟನ್ ಒತ್ತಿ ಬೆರಳು ತೆಗೆದ ಮೇಲೆ, ಒಂದು ಉಸಿರು ಬಿಟ್ಟು ಫೋನು ತಾನೇ ತೆಗೆಯುತ್ತದೆ. ಆದರೂ ಹಿಡಿಯುವುದು ಹೇಗೆ? ಡಬ್ಬಿಗೆ ಆನಿಸಿದರೆ ಜಾರಿತು, ಪುಸ್ತಕಕ್ಕೆ ಆನಿಸಿದರೆ ವಾಲಿತು. ಆಗ ವೈನಿ ಖಣದ ತುಂಡೊಂದರಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಚೀಲ ಹೊಲಿದು, ಅದರ ತುಂಬ ಜೋಳ ಹಾಕಿ ಬಾಯಿ ಹೊಲಿದು ಕೊಟ್ಟರು. ಅದನ್ನು ಎಲ್ಲಿ ಬೇಕಾದರೂ ಇಡಬಹುದು, ಕಲ್ಲಿನ ಮೇಲೆ, ಗೋಡೆಯ ಮೇಲೆ, ಬಸ್ಸಿನ ಕಿಟಕಿಯ ಮೇಲೆ. ಫೋನನ್ನು ಅದರೊಳಗೆ ಒತ್ತಿದರೆ ಜೋಳ ಸರಿದು ಜಾಗ ಮಾಡಿಕೊಡುತ್ತದೆ, ಕೋಳಿ ಕಾವಿಗೆ ಕೂತ ಹಾಗೆ ಫೋನು ಕೂರುತ್ತದೆ.

“ಕೈ ನಡುಗಿದ್ರ ನಡುಗಲಿ. ಫೋನ್ ನಡುಗಬಾರ್ದು, ಅಷ್ಟ” ಎಂದು ಅವರು ಸ್ಟಾಫ್ ರೂಮಿನಲ್ಲಿ ಆ ಚೀಲವನ್ನು ತೋರಿಸಿದರು. ಆ ದಿನ ನಮ್ಮೆಲ್ಲರ ಮುಂದೆ ಚಹಾ ಕುಡಿದರು. ಅರ್ಧ ಕಪ್ಪು ತಟ್ಟೆಗೆ ಚೆಲ್ಲಿತು. ತಟ್ಟೆಯದನ್ನೂ ಸುರ್ರೆಂದು ಕುಡಿದು ಬಾಯಿ ಒರೆಸಿಕೊಂಡರು.

ಲಕ್ಷ್ಮೇಶ್ವರದ ಆ ಹೆಣ್ಣುಮಗಳಿಗೆ ವೈನಿ ಅದೇ ದಾಳಿಂಬರಿ ಸೀರೆಯ ಹೊಸ ಫೋಟೋ ಕಳಿಸಿ, “ಬಣ್ಣ ಹಿಂಗ ಐತಿ ನೋಡವ್ವ” ಎಂದರಂತೆ. ಅವಳ ಅತ್ತೆಯೇ ಅದನ್ನು ತನಗೆಂದು ತರಿಸಿಕೊಂಡಳು.

ಇಷ್ಟಾದರೂ ಕೆಲಸ ಬಿಡುವ ಮಾತನ್ನು ಅವರು ಬಿಟ್ಟಿರಲಿಲ್ಲ. ಫೋಟೋ ಮನೆಯ ಖುಷಿ, ಶಾಲೆಗೆ ಬೇಕಾದದ್ದು ಕೈ ಎನ್ನುತ್ತಿದ್ದರು. ಆದರೆ ವರ್ಷ ಮುಗಿಯುವವರೆಗೆ ಪಾಠವಂತೂ ಮಾಡಬೇಕಲ್ಲ. ಹಲಗೆಯ ಮೇಲೆ ಬರೆದು ತೋರಿಸಲಾಗದ್ದರಿಂದ, ನೆರಳು-ಬೆಳಕಿನ ಪಾಠಕ್ಕೆ ಅವರು ಹತ್ತನೆಯ ತರಗತಿಯನ್ನು ವರಾಂಡಕ್ಕೆ ಕರೆತಂದರು. ತಮ್ಮ ಫೋನನ್ನೇ ಮಕ್ಕಳ ಕೈಗೆ ಕೊಟ್ಟು, ಒಬ್ಬರು ಇನ್ನೊಬ್ಬರ ಮುಖವನ್ನು ತೆಗೆದು, ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿದೆ ಎಂದು ನೋಡಿ ಚಿತ್ರ ಬರೆಯಬೇಕು ಎಂದರು. ನಾನು ಎದುರಿನ ಲ್ಯಾಬಿನಲ್ಲಿ ಸಾಮಾನು ಜೋಡಿಸುತ್ತಿದ್ದೆ. ಬಾಗಿಲು ತೆರೆದಿತ್ತು, ಎಲ್ಲ ಕಾಣುತ್ತಿತ್ತು.

ಸಿಂಗಟಾಲೂರು ಕಡೆಯಿಂದ ಬರುವ ಮಂಜುಳಾ ಎಂಬ ಹುಡುಗಿ ಕಂಬದ ಹಿಂದೆ ಸರಿದು ನಿಂತಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಫೋಟೋ ಎಂದರೆ ಮಾತ್ರ ಮಾಯ.

“ಯಾಕವ್ವ?” ಎಂದರು ಸರ್.

“ನಾ ಫೋಟೋದಾಗ ಬರೂದಿಲ್ರಿ ಸರ್.”

“ಬರೂದಿಲ್ಲಂದ್ರ?”

“ಹಲ್ಲಷ್ಟ ಬರ್ತಾವ್ರಿ.”

ತರಗತಿ ನಕ್ಕಿತು. ಅವಳೂ ನಕ್ಕಳು. ಎಲ್ಲರಿಗಿಂತ ಮೊದಲು ತಾನೇ ನಗಬೇಕೆಂದು ಕಲಿತವರ ನಗು ಅದು. ಹಿಂದಿನ ವರ್ಷದ ಗ್ರೂಪ್ ಫೋಟೋ ನನಗೆ ನೆನಪಾಯಿತು. ಬಯಲಿಗೆ ಬೆನ್ನು ಹಾಕಿಸಿ ಮಕ್ಕಳನ್ನು ನಿಲ್ಲಿಸಿ ತೆಗೆದಿದ್ದರು. ಬಿಳಿ ಅಂಗಿಗಳು ಫಳಫಳ, ಮುಖಗಳೆಲ್ಲ ಕಪ್ಪು, ಅವಳದಂತೂ ಗುರುತೇ ಇಲ್ಲ. ಅದನ್ನು ನೋಡಿ ಯಾರೋ ಆಡಿದ ಮಾತನ್ನೇ ಅವಳು ಈಗ ತನ್ನ ಮಾತು ಮಾಡಿಕೊಂಡಿದ್ದಳು.

ಸರ್ ಯಾರನ್ನೂ ಗದರಲಿಲ್ಲ. ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಅದು ಅವರ ಕೈಯಲ್ಲಿ ಗಾಳಿಗೆ ಸಿಕ್ಕ ಎಲೆಯಂತೆ ಅಲುಗುತ್ತಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ.

“ಇದಕ್ಕೊಂದು ಖೋಡಿ ಐತಿ, ಕೇಳ್ರಿ. ಇದು ಅಂಗಿ ನೋಡಿ ಮಂದಿನ್ನ ಅಳೀತೈತಿ. ಬೆಳ್ಳನ ಅಂಗಿ, ಬೆಳ್ಳನ ಬಯಲು ಕಂಡ್ರ, ಓಹೋ ಇಲ್ಲೆ ಬೆಳಕು ಭಾಳಾತು ಅಂತ ತಿಳ್ಕೊಂಡು ಎಲ್ಲಾನೂ ಕಪ್ಪು ಮಾಡತೈತಿ. ಮುಖದ್ದೇನೂ ತಪ್ಪಿಲ್ಲ. ಇದಕ್ಕ ನೋಡಾಕ ಬರೂದಿಲ್ಲ. ನಾವು ಕಲಸಬೇಕು. ಮಂಜುಳಾ, ಬಾ ಇಲ್ಲೆ.”

ಅವಳು ಬಂದಳು, ಮನಸ್ಸಿಲ್ಲದೆ. ಅವಳನ್ನು ಬಯಲಿನ ಕಡೆಗೆ ಮುಖ ಮಾಡಿಸಿ ವರಾಂಡದ ಅಂಚಿನಲ್ಲಿ ಕೂರಿಸಿದರು. ಹಿಂದೆ ಗ್ರಂಥಾಲಯದ ಹಳೆಯ ಕಡುನೀಲಿ ಬಾಗಿಲು. ಕಟ್ಟೆಯ ಮೇಲೆ ಜೋಳದ ಚೀಲ ಇಟ್ಟು ಫೋನನ್ನು ಒತ್ತಿದರು. ಮೊದಲು ಸೆಟ್ಟಿಂಗಿಗೆ ಹೋಗಿ ಚರ್ಮವನ್ನು ನುಣುಪು ಮಾಡುವ ಬ್ಯೂಟಿ ಎಂಬುದನ್ನು ಸೊನ್ನೆಗೆ ಇಳಿಸಿದರು. “ಇದು ಬಂದಬಂದವರಿಗೆಲ್ಲಾ ಸುಣ್ಣಾ ಬಳೀತೈತಿ. ನಮಗ ಬ್ಯಾಡ.” ಆಮೇಲೆ ಪರದೆಯ ಮೇಲೆ ಅವಳ ಕೆನ್ನೆಯನ್ನು ಬೆರಳಿಂದ ಒತ್ತಿ ಹಿಡಿದರು. ಹಳದಿ ಚೌಕ ಮೂಡಿ, ಅಲ್ಲೇ ಕಟ್ಟಿಹಾಕಿದಂತೆ ನಿಂತಿತು. ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬಂತು. “ಇದನ್ನ ಮ್ಯಾಲ ಎಳದ್ರ ಬೆಳಕು ಏರತೈತಿ. ಭಾಳ ಎಳೀಬ್ಯಾಡ್ರಿ. ಆಕಿ ಬಣ್ಣ ಆಕಿಗೆ ಇರಲಿ, ಮುಖ ಅಷ್ಟ ತೆರಕೊಳ್ಲಿ.” ಸುತ್ತಲೂ ಮಕ್ಕಳ ತಲೆಗಳು ಮುತ್ತಿಕೊಂಡವು. ಟೈಮರ್ ಶುರುವಾಯಿತು. ಅಷ್ಟರಲ್ಲಿ ಯಾರೋ ಸೀನಿದರು, ಮಂಜುಳಾ ಆ ಕಡೆ ಕಣ್ಣು ಹೊರಳಿಸಿ ತುಟಿ ಬಿಗಿಹಿಡಿದು ನಗು ತಡೆದಳು. ಅದೇ ಬಂತು.

ನಾನೂ ಹೊರಗೆ ಬಂದು ನೋಡಿದೆ. ಕೆನ್ನೆಯೆಲುಬಿನ ಮೇಲೆ ಬೆಳಕು ತೆಳ್ಳಗೆ ಕುಳಿತಿತ್ತು. ಹುಬ್ಬಿನ ಬದಿಯ ಚಿಕ್ಕ ಕಲೆ, ಗದ್ದದ ನಡುವಿನ ಕುಳಿ, ತಡೆದ ನಗೆಗೆ ಉಬ್ಬಿದ ಮೂಗಿನ ಹೊಳ್ಳೆ. ಕಣ್ಣಿನೊಳಗೆ ವರಾಂಡದ ಕಂಬಗಳು ಸಣ್ಣದಾಗಿ ನಿಂತಿದ್ದವು. ಆ ಹುಡುಗಿಗೆ ಎರಡು ವರ್ಷ ಪಾಠ ಮಾಡಿದ ನಾನು ಅವಳ ಗದ್ದದಲ್ಲಿ ಕುಳಿ ಇರುವುದನ್ನು ಅಂದೇ ನೋಡಿದೆ.

ಮಂಜುಳಾ ಬಹಳ ಹೊತ್ತು ಫೋನು ಹಿಡಿದುಕೊಂಡೇ ನಿಂತಳು. ನಗಲಿಲ್ಲ. ತರಗತಿಯೂ ನಗಲಿಲ್ಲ. ಕೊನೆಗೆ, “ಸರ್, ಇದನ್ನ ನಮ್ಮವ್ವಗ ಕಳಸ್ರಿ” ಎಂದಳು.

ಮಾರನೆಯ ದಿನ ಅವಳ ತಾಯಿ ಶಾಲೆಗೆ ಬಂದಳು. ಏನೋ ತಕರಾರಿರಬೇಕೆಂದು ಹೆಡ್ ಮಾಸ್ತರು ಗಾಬರಿಯಾಗಿ ಸರ್ ಅವರನ್ನು ಕರೆಸಿದರು. ಆ ತಾಯಿ ಸೆರಗಿನಿಂದ ಕೈ ಒರೆಸಿಕೊಂಡು ಫೋನ್ ತೆಗೆದು ಅದೇ ಫೋಟೋ ತೋರಿಸಿದಳು.

“ಇದ್ರಾಗ ಇಕಿ ನಮ್ಮವ್ವ ಆಗ್ಯಾಳ್ರಿ ಸರ. ಆಕಿ ಹೋಗಿ ಭಾಳ ವರ್ಷಾತು. ಆಕಿದೊಂದೂ ಫೋಟೋ ಇಲ್ರಿ ಮನ್ಯಾಗ, ಯಾರೂ ತಗದಿಲ್ಲ. ಆಕಿ ಗದ್ದಾನೂ ಹಿಂಗ ಇತ್ತು, ನಗಿ ತಡಕೊಳ್ಳೋದೂ ಹಿಂಗ. ಇಕಿನ್ನ ದಿನಾ ಮುಂದ ಕೂಡಿಸ್ಕೊಂಡು ರೊಟ್ಟಿ ಹಾಕಿದ್ರೂ ನನಗ ಹೊಳದಿದ್ದಿಲ್ರಿ. ನಿನ್ನೆ ರಾತ್ರಿ ನನ್ನ ತಮ್ಮಗ ಕಳಸೇನಿ. ಅಂವ ನೋಡಿ, ‘ಅಕ್ಕಾ, ಅವ್ವನ ಫೋಟೋ ಎಲ್ಲೆ ಸಿಕ್ಕಿತು?’ ಅಂದ.”

ಆಕೆ ಚೀಲದಿಂದ ಹೊಲದ ಹಸಿ ಕಡಲೆಯ ಕಟ್ಟು ತೆಗೆದು ಮೇಜಿನ ಮೇಲಿಟ್ಟು ಹೊರಟಳು. ಸಂಜೆ ಬಸ್ಸಿನಲ್ಲಿ ಆ ಕಡಲೆ ಸುಲಿಯುತ್ತ ಕೂತಿದ್ದೆವು. ಅವರ ಬೆರಳಿಂದ ಕಾಳುಗಳು ಪುಟಿದು ಸೀಟಿನ ಕೆಳಗೆ ಹೋಗುತ್ತಿದ್ದವು. ಡಂಬಳ ಬರುವ ಹೊತ್ತಿಗೆ ಅವರು, “ಆ ನೌಕ್ರಿ ಬಿಡೂ ಮಾತು ಬಿಡೂಣ್ರಿ ಬಾಯಾರ” ಎಂದರು. ನಾನು ಹೂಂ ಎಂದೆ. ಅಷ್ಟೇ. ಮತ್ತೆ ಆ ವಿಷಯ ಯಾವತ್ತೂ ಬರಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ ಅವರು ನಮಗೆಲ್ಲ ಕೊಟ್ಟ ಕಾಟ ಕಡಿಮೆಯಲ್ಲ. ನಮ್ಮ ಹೆಡ್ ಮಾಸ್ತರ ಮಗಳ ಮದುವೆಯಲ್ಲಿ, ಅಕ್ಷತೆಯ ಹೊತ್ತಿಗೆ ಸರಿಯಾಗಿ, ಗಂಡಿನ ಕಡೆಯ ಹುಡುಗರ ಫೋನುಗಳನ್ನು ಇಸಿದುಕೊಂಡು ಫ್ಲ್ಯಾಶ್ ಆರಿಸುತ್ತ ನಿಂತರು. “ಈ ಮಿಂಚಿಗೆ ಮದಿಮಗಳ ಮಾರಿ ಮೈದಾ ಹಿಟ್ಟು ಆಗತೈತಿ” ಎನ್ನುತ್ತಿದ್ದರು. ಅಕ್ಷತೆ ಹಾಕಲು ಅವರೇ ಮರೆತರು. ಎರಡು ಬೆರಳಿಂದ ಪರದೆ ಹಿಗ್ಗಿಸಿ ದೂರದ್ದನ್ನು ಹತ್ತಿರ ತರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಹಂಗ ಎಳೀಬ್ಯಾಡ್ರಿ, ಹಳೇ ಧೋತರ ಎಳದಂಗ ಹರೀತೈತಿ ಅದು. ಕಾಲು ಅದಾವಲ್ಲ, ಸಮೀಪ ಹೋಗ್ರಿ.” ಗ್ರಿಡ್ ಎಂಬ ಅಡ್ಡ-ಉದ್ದ ಗೆರೆಗಳನ್ನು ಎಲ್ಲರ ಫೋನಿನಲ್ಲೂ ಹಾಕಿಕೊಟ್ಟರು. “ನೇಕಾರರ ಅಳಿಯ ನಾನು. ಹಾಸು-ಹೊಕ್ಕು ಇಲ್ಲದ ಯಾವುದೂ ನೆಟ್ಟಗ ನಿಲ್ಲೂದಿಲ್ಲ” ಎಂಬುದು ಅದಕ್ಕೆ ಅವರ ಸಮರ್ಥನೆ.

ಒಮ್ಮೆ ಬಸ್ಸಿನಲ್ಲಿ ಒಬ್ಬ ರೈತ ಮುದುಡಿದ ಮೆಣಸಿನ ಗಿಡದ ಎಲೆಯನ್ನು ಹಿಡಿದು ಫೋಟೋ ತೆಗೆಯುತ್ತಿದ್ದ. ಕೃಷಿ ಆಫೀಸಿನವರಿಗೆ ಕಳಿಸಬೇಕಂತೆ. ಎರಡು ಸಲ ಕಳಿಸಿದರೂ ಅವರು ‘ಏನೂ ಕಾಣುತ್ತಿಲ್ಲ’ ಎಂದಿದ್ದರಂತೆ. ಆತ ಫೋನನ್ನು ಎಲೆಗೆ ಮುತ್ತಿಡುವಷ್ಟು ಹತ್ತಿರ ಒಯ್ದಿದ್ದ. “ಅಣ್ಣಾ, ಅಷ್ಟು ಸಮೀಪ ಹೋದ್ರ ನಿನಗಾದ್ರೂ ಕಾಣತೈತೇನು?” ಎಂದು ಸರ್ ಎದ್ದು ಹೋದರು. ಒಂದು ಗೇಣು ಹಿಂದೆ ಸರಿಸಿ, ಎಲೆಯ ಹಿಂದೆ ತಮ್ಮ ಅಂಗೈ ಹಿಡಿಯಲು ಹೋಗಿ, ಅದು ನಡುಗುವುದನ್ನು ಕಂಡು ನನ್ನ ಕೈಯನ್ನು ಹಿಡಿಸಿದರು. ಪರದೆಯಲ್ಲಿ ಕಂಡ ಎಲೆಯ ಮೇಲೆ ರೈತನಿಂದ ಬೆರಳೊತ್ತಿಸಿದರು. ಎಲೆಯ ಅಡಿಯ ನುಸಿಯಂಥ ಹುಳುಗಳೂ ಬಂದವು. ರೈತ ಅದನ್ನು ಕಳಿಸಿ, ಉತ್ತರ ಬರುವವರೆಗೂ ನಮ್ಮ ಜೊತೆಗೇ ಮಾತಾಡುತ್ತ ತನ್ನ ಊರಿನ ಸ್ಟಾಪನ್ನು ದಾಟಿ ಬಂದುಬಿಟ್ಟ. ಕಂಡಕ್ಟರು ಬೈದರು. ಸರ್ ಕಂಡಕ್ಟರ ಫೋನಿನ ಕ್ಯಾಮೆರಾವನ್ನೂ ಒರೆಸಿಕೊಟ್ಟು ಸಮಾಧಾನ ಮಾಡಿದರು.

ಸದಾ ನಗಿಸುತ್ತಿದ್ದರೆಂದೇನೂ ಅಲ್ಲ. ಕೆಲವು ದಿನ ನಡುಕ ಜೋರಾಗಿರುತ್ತಿತ್ತು. ಅಂದು ಅವರು ಮಾತು ಕಡಿಮೆ ಮಾಡಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತ ಕೂರುವರು. ಅಂಥ ಒಂದು ದಿನ ನಾನು ಕೇಳಿದೆ, “ಬರಿಯೋದು ನೆನಪಾಗತೈತೇನ್ರಿ ಸರ್?” ಅವರು ಸುಳ್ಳು ಹೇಳಲಿಲ್ಲ. “ಆಗತೈತ್ರಿ. ಕನಸಿನ್ಯಾಗ ಬರೀತೇನಿ. ಭಾಳ ಚಲೋ ಬರತೈತಿ” ಎಂದರು.

ಮಂಜುಳಾ ಈಗ ಗದಗದ ಕಾಲೇಜಿನಲ್ಲಿ ಓದುತ್ತಾಳೆ. ಅವಳು ತನ್ನ ಫೋನಿನ ಮುಖಪಟಕ್ಕೆ ಹಾಕಿಕೊಂಡಿರುವುದು ಬೇರೆ ಫೋಟೋ, ತಾನೇ ತೆಗೆದುಕೊಂಡದ್ದು. ವರಾಂಡದ್ದಕ್ಕಿಂತ ಇದು ಚೆನ್ನಾಗಿದೆಯೆಂದು ಸರ್ ಅವರೇ ಒಪ್ಪಿದ್ದಾರೆ, ಸ್ವಲ್ಪ ತಡೆದು.

ಹೋದ ರವಿವಾರ ಬೆಟಗೇರಿಗೆ ಹೋಗಿದ್ದೆ. ಸಂಜೆಯ ಬಿಸಿಲು ಇಳಿದು ಓಣಿಯ ತುಂಬ ಮೆತ್ತನೆಯ ಬೆಳಕು. ಎದುರು ಮನೆಯ ಹೆಂಗಸರು ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಆ ಮನೆಯೊಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಸರ್ ಬಾಗಿಲಲ್ಲೇ ನನ್ನನ್ನು ತಡೆದು, “ಬಾಯಾರ, ಹೊಸಾದೊಂದು ಸಿಕ್ಕೈತಿ, ಮೊದಲ ನೋಡ್ರಿ, ಆಮ್ಯಾಲ ಒಳಗ ಬರ್ರಿ” ಎಂದರು. ಫೋನಿಗೆ ಅಂಗೈ ತೋರಿಸಿದರೆ ಸಾಕಂತೆ, ಮುಟ್ಟುವುದೇ ಬೇಡವಂತೆ. ಅದು ಅಂಗೈಯನ್ನು ಗುರುತು ಹಿಡಿದು, ತಾನೇ ಎಣಿಸಿ, ತಾನೇ ಫೋಟೋ ತೆಗೆಯುತ್ತದಂತೆ.

ಕಟ್ಟೆಯ ಆ ತುದಿಗೆ ತಂಬಿಗೆಯೊಂದಕ್ಕೆ ಫೋನನ್ನು ಆನಿಸಿ, ಈ ತುದಿಯಲ್ಲಿ ವೈನಿಯನ್ನು ಕೂರಿಸಿದರು. ವೈನಿ ಸೀರೆಗೆ ಅಂಟಿದ್ದ ನೂಲನ್ನು ಕೊಡವಿಕೊಳ್ಳುತ್ತ, “ಬರೂದ್ರಾಗ ಇವ್ರ ಆಟ ನೋಡ್ರಿ. ಒಲಿ ಮ್ಯಾಲ ಹಾಲೈತಿ” ಎಂದರು. ಸರ್ ಪಕ್ಕದಲ್ಲಿ ಕುಳಿತು, ಗಂಭೀರವಾಗಿ, ವರ ಕೊಡುವ ದೇವರಂತೆ ಅಂಗೈ ಎತ್ತಿ ತೋರಿಸಿದರು.

ಫೋನು ಸುಮ್ಮನಿತ್ತು. ಅಂಗೈ ನಡುಗುತ್ತಿತ್ತು. ಅದಕ್ಕೆ ಅದು ಕೈಯೆಂದೇ ತಿಳಿಯಲಿಲ್ಲವೇನೋ. ಸರ್ ಇಳಿಸಿ ಮತ್ತೆ ಎತ್ತಿದರು. ಮತ್ತೆ ಇಲ್ಲ. ಇನ್ನೊಮ್ಮೆ ಎತ್ತಿದಾಗ ಅವರ ಮುಖದಲ್ಲಿ, ಬಹಳ ಹಿಂದೆ ನಾನೊಮ್ಮೆ ಕಂಡಿದ್ದ ಆ ಸಪ್ಪಗಿನ ನೆರಳು ಮತ್ತೆ ಬರುವುದರಲ್ಲಿತ್ತು. ಎದುರು ಕಟ್ಟೆಯ ಹೆಂಗಸರು ಅವರೆಕಾಯಿ ಬಿಟ್ಟು ನೋಡತೊಡಗಿದ್ದರು.

“ತರ್ರಿ ಇಲ್ಲೆ” ಎಂದು ವೈನಿ ಗಂಡನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಕೈ ನಿಂತಿತು. ಫೋನು ಕಣ್ಣು ಮಿಟುಕಿಸಿ ಎಣಿಸಲು ಶುರುಮಾಡಿತು. ಆ ಮನೆಯಲ್ಲಿ, ಆ ಓಣಿಯಲ್ಲಿ, ಗಂಡ-ಹೆಂಡತಿ ನಾಲ್ಕು ಜನರ ಮುಂದೆ ಕೈ ಹಿಡಿದು ಕೂರುವ ಪದ್ಧತಿಯೇ ಇಲ್ಲ. ಸರ್ ಕಿವಿಯವರೆಗೂ ಕೆಂಪಾದರು. ಕ್ಲಿಕ್ ಎಂದಿತು.

“ಬಿಡಽ ಇನ್ನ ಕೈ, ಮಂದಿ ನೋಡಾಕತ್ತ್ಯಾರ” ಎಂದರು ಮೆಲ್ಲಗೆ.

ವೈನಿ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ನನಗೆ ಫೋನ್ ತರಲು ಸನ್ನೆ ಮಾಡಿದರು. ತಂದು ತೋರಿಸಿದೆ. ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ತಿರುಗಿ ಕೊಟ್ಟರು.

“ನೋಡ್ಲಿ ಬಿಡ್ರಿ ಮಂದಿ. ಇದ್ರಾಗ ನನ್ನ ಕಣ್ಣು ಮುಚ್ಚ್ಯಾವ. ಇನ್ನೊಂದ ತಗೀರಿ.”